ಸಭೆಯ ಕೆಮ್ಮೂ ಮಗ್ಗದ ಸದ್ದೂ

ನಮ್ಮ ದೊಡ್ಡಬಳ್ಳಾಪುರದಲ್ಲಿ ಸಂಗೀತವನ್ನು ಕೇಳಬೇಕೆನ್ನುವವನು ಎರಡು ಉಪಾಯಗಳಲ್ಲಿ ಒಂದನ್ನು ಹಿಡಿಯಬೇಕಾಗುತ್ತದೆ. ಬೀದಿಯಲ್ಲಿ ವಿದ್ಯುಚ್ಛಕ್ತಿ ನಿಂತುಹೋಗುವ ಹೊತ್ತನ್ನು ಕಾದಿರಬೇಕು; ಇಲ್ಲವೆ ಮಗ್ಗದ ಸದ್ದನ್ನೂ ಸಂಗೀತದ ಒಂದು ಅಂಗವೆಂದು ಒಪ್ಪಿಕೊಳ್ಳಬೇಕು. ನಮ್ಮದು ನೇಕಾರರ ಊರು. ಎಡಗಡೆಯ ಮನೆಯಲ್ಲಿ ನಾಲ್ಕು ಮಗ್ಗ, ಬಲಗಡೆಯ ಮನೆಯಲ್ಲಿ ಎರಡು. ನಡುವೆ ನಮ್ಮ ಮನೆ. ಕೈಮಗ್ಗದ ಕಾಲದಲ್ಲಿ ಲಾಳಿಯ ಓಡಾಟಕ್ಕೆ ಒಂದು ಮೃದುತ್ವವಿತ್ತೆಂದು ಹಿರಿಯರು ಹೇಳುತ್ತಿದ್ದರು. ವಿದ್ಯುತ್ತಿನ ಮಗ್ಗಗಳು ಬಂದಮೇಲೆ ಆ ಮೃದುತ್ವ ಹೋಗಿ, ಬೆಳಗಿನಿಂದ ರಾತ್ರಿಯವರೆಗೆ ಗೋಡೆಯೇ ಮಾತನಾಡುತ್ತಿರುವಂತೆ ಖಟಖಟ ಶಬ್ದ. ಪರಸ್ಥಳದ ನಂಟರು ಬಂದರೆ ಮೊದಲ ರಾತ್ರಿ ಅವರಿಗೆ ನಿದ್ರೆಯಿಲ್ಲ. ನಾವು ಪರಸ್ಥಳಕ್ಕೆ ಹೋದರೆ ಮೊದಲ ರಾತ್ರಿ ನಮಗೆ ನಿದ್ರೆಯಿಲ್ಲ.

ಇಂಥ ಬೀದಿಯಲ್ಲಿ ಕುಳಿತು ನಾನು ಪಿಯಾನೋ ವಾದ್ಯವನ್ನು ಕೇಳುತ್ತೇನೆಂದರೆ ವಾಚಕರು ನಗಬಹುದು. ನನ್ನ ಮನೆಯವರೇ ನಗುತ್ತಾರೆ. ಆ ವಾದ್ಯವನ್ನು ನಾನು ಕೈಯಿಂದ ಮುಟ್ಟಿದವನಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿದವನು. ಪಾಶ್ಚಾತ್ಯ ಸಂಗೀತದ ಲಿಪಿ ನನಗೆ ಇಂದಿಗೂ ಇರುವೆಯ ಸಾಲಿನಂತೆಯೇ ಕಾಣುತ್ತದೆ. ಈ ಹವ್ಯಾಸ ನನಗೆ ಅಂಟಿದುದು ನಮ್ಮ ಮಹಾರಾಜರ ದೆಸೆಯಿಂದ.

ನಮ್ಮ ಮನೆಯ ಹಜಾರದಲ್ಲಿ ಶ್ರೀ ಜಯಚಾಮರಾಜ ಒಡೆಯರ ಚಿತ್ರಪಟವೊಂದಿತ್ತು. ಅವರು ಕರ್ಣಾಟಕ ಸಂಗೀತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದವರು, ತತ್ತ್ವಶಾಸ್ತ್ರವನ್ನು ಬಲ್ಲವರು ಎಂಬುದನ್ನು ಮಕ್ಕಳಿಗೆ ಪಾಠದಲ್ಲಿ ಹೇಳಿಯೂ ಇದ್ದೆ. ಆದರೆ ಅವರಿಗೆ ಯೌವನದಲ್ಲಿದ್ದ ಆಸೆ ಬೇರೆಯದೆಂಬುದು ನನಗೆ ಗೊತ್ತಿರಲಿಲ್ಲ. ಅವರು ಪಿಯಾನೋ ವಾದಕರಾಗಬೇಕೆಂದಿದ್ದರು. ಅರಮನೆಯ ವಿನೋದಕ್ಕಾಗಿ ಅಲ್ಲ, ಸಭೆಯ ಮುಂದೆ ಕುಳಿತು ಕಚೇರಿ ಮಾಡುವ ವಾದಕರಾಗಬೇಕೆಂದಿದ್ದರು. 1940ರಲ್ಲಿ ಮೊದಲು ತಂದೆಯವರಾದ ಯುವರಾಜರು, ಕೆಲವೇ ತಿಂಗಳ ಮೇಲೆ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಇಪ್ಪತ್ತೊಂದು ವಯಸ್ಸಿನ ತರುಣನ ತಲೆಯ ಮೇಲೆ ಕಿರೀಟ ಬಂದಿತು. ಕಿರೀಟದೊಡನೆ ಪಿಯಾನೋದ ಆಸೆಗೆ ಮುಕ್ತಾಯವೂ ಬಂದಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಶಿಯೇಟ್ ಪದವಿಯನ್ನು ಅವರು ಪಡೆದರೆಂಬುದನ್ನು ನೋಡಿದರೆ ಆಸೆ ಪೂರ್ತಿಯಾಗಿ ಆರಿರಲಿಲ್ಲವೆಂದು ತೋರುತ್ತದೆ.

ತಾವು ನುಡಿಸಲಾಗದವರು ಏನು ಮಾಡಬೇಕು? ನುಡಿಸುವವರನ್ನು ನುಡಿಸುವಂತೆ ಮಾಡಬೇಕು. ಮಹಾರಾಜರು ಮಾಡಿದ್ದು ಅದನ್ನೇ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರು, ಸ್ವತಃ ಪಿಯಾನೋದಲ್ಲಿ ಉದ್ದಾಮರು, ದೇಶವನ್ನು ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದರು. ಕಾಲ ಬದಲಾಗಿ ಅವರ ಸಂಗೀತವನ್ನು ಕೇಳುವವರು ವಿರಳವಾಗಿದ್ದರು, ದೇಹ ಸೋತಿತ್ತು, ಯುದ್ಧದ ದಿನಗಳ ಬಡತನವೂ ಇತ್ತು. ಅಂಥವರಿಗೆ ಸಾವಿರಾರು ಮೈಲಿ ದೂರದ ಮೈಸೂರಿನಿಂದ, ಅವರು ತಮ್ಮ ಕೃತಿಗಳನ್ನು ತಮ್ಮ ಕೈಯಿಂದಲೇ ನುಡಿಸಿ ಪ್ಲೇಟುಗಳಲ್ಲಿ ಉಳಿಸಬೇಕೆಂದೂ ವೆಚ್ಚವನ್ನು ತಾವು ಕೊಡುವುದಾಗಿಯೂ ಮಹಾರಾಜರ ಸಂದೇಶ ಬಂದಿತು. 1947ರಲ್ಲಿ ಅವರ ಮೂರು ಪಿಯಾನೋ ಕಂಚರ್ಟೋಗಳು, ಎಂದರೆ ವಾದ್ಯವೃಂದದೊಡನೆ ನುಡಿಸುವ ದೀರ್ಘ ಕೃತಿಗಳು, ಲಂಡನ್ನಿನಲ್ಲಿ ಮುದ್ರಿತವಾದುವು. ಮೆಟ್ನರ್ ಸಂಘವೆಂಬ ಹೆಸರಿನಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು ಅವುಗಳನ್ನು ಹೊರತಂದರು. ಮೆಟ್ನರರು ತಮ್ಮ ಮೂರನೆಯ ಕಂಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ವಕೀಲರಾಗಿದ್ದು ಈಗ ವಿಶ್ರಾಂತರಾಗಿರುವ ಮಿತ್ರರೊಬ್ಬರು ಈ ಕಥೆಯನ್ನು ನನಗೆ ಹೇಳಿ, ಆ ಮುದ್ರಿಕೆಯನ್ನೂ ಕೊಟ್ಟರು. ಮೊದಲ ಸಲ ಕೇಳಿದಾಗ ನನಗೆ ಅರ್ಥವಾದುದು ಕಡಮೆ. ಎರಡನೆಯ ಸಲ, ಮೂರನೆಯ ಸಲ ಕೇಳಿದಮೇಲೆ ಒಂದು ಸಂಗತಿ ಕಿವಿಗೆ ಹತ್ತಿತು: ಈ ಮನುಷ್ಯರು ಲಯವನ್ನು ಗಡಿಯಾರಕ್ಕೆ ಒಪ್ಪಿಸಿಲ್ಲ, ಉಸಿರಿಗೆ ಒಪ್ಪಿಸಿದ್ದಾರೆ. ಒಂದು ಸ್ವರದ ಮುಂದೆ ಎಳ್ಳಷ್ಟು ತಡೆಯುತ್ತಾರೆ. ತಡೆದುದನ್ನು ಮುಂದಿನ ಸಾಲಿನಲ್ಲಿ ತೀರಿಸುತ್ತಾರೆ. ಎಡಗೈ ನಡೆಯುತ್ತಿರುವಾಗ ಬಲಗೈ ಹಿಂದೆ ನಿಂತು ಏನನ್ನೋ ನೆನೆಯುತ್ತದೆ. ಶೊಪೇನ್, ಲಿಸ್ಟ್, ಆಂಟನ್ ರೂಬಿನ್‌ಸ್ಟೈನ್ ಮೊದಲಾದವರಿಂದ ಇಳಿದುಬಂದ ರಮ್ಯಪಂಥದ ವಾದನಸಂಪ್ರದಾಯದ ಜೀವಾಳ ಇದೇ ಎಂದು ಮಿತ್ರರು ವಿವರಿಸಿದರು. ನಮ್ಮ ವೈಣಿಕರು ಆಲಾಪನೆಯಲ್ಲಿ ಮಾಡುವುದು ಇದಕ್ಕೆ ತೀರ ದೂರವಲ್ಲವೆಂದು ನನಗೆ ಅನಿಸಿತು.

ಆದರೆ ಆ ಪ್ಲೇಟುಗಳಲ್ಲಿ ಒಂದು ಕೊರತೆಯೂ ಇತ್ತು. ಅದೇನೆಂದು ಹೇಳಲು ಪಕ್ಕದ ಮನೆಯ ಮಗ್ಗವೇ ನನಗೆ ಸಹಾಯಕ್ಕೆ ಬರಬೇಕಾಯಿತು. ಸೀರೆಯ ಅಂಚಿಗೂ ಸೆರಗಿಗೂ ಚಿತ್ರ ತೆಗೆಯುವ ಜಕಾರ್ಡಿನ ರಟ್ಟುಗಳನ್ನು ನಮ್ಮ ಊರಿನ ಮಕ್ಕಳೆಲ್ಲರೂ ಬಲ್ಲರು. ರಟ್ಟಿನಲ್ಲಿ ರಂಧ್ರಗಳು, ರಂಧ್ರವಿದ್ದಲ್ಲಿ ಒಂದು ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪಿಯಾನೋ ವಾದನವನ್ನೂ ಒಂದು ಕಾಲದಲ್ಲಿ ಹೀಗೆಯೇ ಹಿಡಿದಿಟ್ಟಿದ್ದರು. 1904ರಲ್ಲಿ ವೆಲ್ಟೆ ಎಂಬ ಜರ್ಮನಿಯ ಕಂಪೆನಿ ಹೊರಡಿಸಿದ ಯಂತ್ರದಲ್ಲಿ ಪಾದೆರೆವ್‌ಸ್ಕಿ, ಬುಸೋನಿ ಮೊದಲಾದ ಮಹಾವಾದಕರು ನುಡಿಸಿದುದೆಲ್ಲ ಕಾಗದದ ಸುರುಳಿಯ ಮೇಲೆ ರಂಧ್ರಗಳಾಗಿ ಉಳಿಯಿತು. ಸುರುಳಿಯನ್ನು ಮತ್ತೊಂದು ಪಿಯಾನೋಗೆ ಹೂಡಿದರೆ ಮನುಷ್ಯನಿಲ್ಲದೆ ಮಣೆಗಳು ತಾವಾಗಿ ಇಳಿದೇಳುತ್ತವೆ. ಸ್ವರವುಂಟು, ಕಾಲವುಂಟು, ಬಲದ ಏರಿಳಿತವೂ ಉಂಟು. ಆದರೆ ವಾದಕನು ಕುಳಿತಿದ್ದ ಕೋಣೆ ಇಲ್ಲ.

ಸ್ಟುಡಿಯೋದಲ್ಲಿ ಮುದ್ರಿಸಿದ ಪ್ಲೇಟು ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ನಿಜವಾದ ಧ್ವನಿಯೇ ಉಂಟು. ಆದರೂ ಮೆಟ್ನರರ ಕಾಲದ ಪ್ಲೇಟಿಗೆ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಗಳ ಅವಕಾಶ. ಅಷ್ಟಾದೊಡನೆ ನಿಲ್ಲಬೇಕು, ತಪ್ಪಿದ್ದರೆ ಮತ್ತೆ ನುಡಿಸಬೇಕು, ಚೆನ್ನಾಗಿ ಬಂದುದನ್ನು ಆರಿಸಬೇಕು. ಎದುರಿಗೆ ಕೇಳುವವರಿಲ್ಲ. ಮುದುಕರಾದ ಆ ಮಹಾನುಭಾವರು ಯಾರಿಗಾಗಿ ನುಡಿಸುತ್ತಿದ್ದರು? ಮೈಸೂರಿನಲ್ಲಿದ್ದ, ಕಣ್ಣಿಗೆ ಕಾಣದ ಒಬ್ಬ ಕೇಳುಗರಿಗಾಗಿ.

ಆ ಕೇಳುಗರಿಗೂ ಈ ಕೊರತೆ ಅನುಭವಕ್ಕೆ ಬಂದಿರಬೇಕೆಂದು ನನ್ನ ಊಹೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಸ್ಥಾಪಿಸಿದ ವಾಲ್ಟರ್ ಲೆಗ್ ಎಂಬವರು ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದರು. ಮಹಾರಾಜರು ಆ ವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳ ಸಹಾಯವನ್ನು ಒಪ್ಪಿಕೊಂಡರು. 1950ನೆಯ ಇಸವಿ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ವೃಂದದವರು ಒಂದು ಕಚೇರಿಯನ್ನು ನಡೆಸಿದರು. ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸ್ ಎಂಬ ಜರ್ಮನ್ ವಾಗ್ಗೇಯಕಾರರ ಕೊನೆಯ ನಾಲ್ಕು ಹಾಡುಗಳನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ನಾರ್ವೆಯ ಗಾಯಕಿ ಅಂದು ಮೊತ್ತಮೊದಲು ಹಾಡಿದರು; ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಮೈಸೂರಿನ ರಾಜಪ್ರಮುಖರಾಗಿದ್ದ ಮಹಾರಾಜರು ಆ ಸಭೆಯಲ್ಲಿರಲಿಲ್ಲ. ಆದರೆ ಕಚೇರಿಗೆ 4,800 ಡಾಲರುಗಳ ಭರವಸೆಯನ್ನು ಕೊಟ್ಟಿದ್ದವರು ಅವರೇ. ಅಂದಿನ ಹಾಡಿಕೆಯನ್ನು ಸಭೆಯಲ್ಲಿ ನಡೆದಂತೆಯೇ ಮುದ್ರಿಸಿ ತಮಗೆ ಕಳುಹಿಸಬೇಕೆಂಬುದು ಅದರ ಉದ್ದೇಶ. ಅವರಲ್ಲಿ ಆಗಲೇ ಸುಮಾರು 20,000 ಪ್ಲೇಟುಗಳ ಸಂಗ್ರಹವಿತ್ತೆಂದು ಅಂದಾಜು. ಮುದ್ರಿಕೆ ಹಡಗನ್ನೇರಿ ಮೈಸೂರಿಗೆ ಬಂದಿತು.

ಅದು ಮುಂದೆ ಲೋಕಕ್ಕೂ ದೊರೆಯಿತು, ನಾನೂ ಕೇಳಿದ್ದೇನೆ. ಧ್ವನಿ ಬಹಳ ಕೆಟ್ಟಿದೆ. ಪ್ಲೇಟಿನ ಗರಗರ ಶಬ್ದ ಹಾಡಿನ ಮೇಲೆ ಮಳೆಯಂತೆ ಸುರಿಯುತ್ತದೆ. ಆದರೂ ಆ ಗರಗರದ ಹಿಂದೆ ಒಂದು ದೊಡ್ಡ ಮಂದಿರವಿದೆ, ಅದರಲ್ಲಿ ಜನವಿದ್ದಾರೆ, ಅವರು ಈ ಹಾಡನ್ನು ಈ ಮೊದಲು ಕೇಳಿದವರಲ್ಲ. ಇಪ್ಪತ್ತು ಸಾವಿರ ಪ್ಲೇಟುಗಳನ್ನು ಉಳ್ಳವರು ಇನ್ನೊಂದಕ್ಕಾಗಿ ಅಷ್ಟು ಹಣವನ್ನು ಏತಕ್ಕೆ ಕೊಟ್ಟರೆಂಬುದು ನನಗೆ ಆಗ ತಿಳಿಯಿತು. ಅವರು ಕೊಂಡದ್ದು ಆ ಸಭೆಯಲ್ಲಿ ತಮಗೊಂದು ಆಸನವನ್ನು.

ಅಂದಿನಿಂದ ನಾನು ಸ್ಟುಡಿಯೋದ ಮುದ್ರಿಕೆಗಳನ್ನು ಬಿಟ್ಟು ಪಿಯಾನೋದ ಸಭಾಮುದ್ರಿಕೆಗಳನ್ನು ಹುಡುಕಲಾರಂಭಿಸಿದೆ. ಎಲ್ಲರದೂ ಸಿಕ್ಕುವುದಿಲ್ಲ. ಮೆಟ್ನರರ ಆಪ್ತಮಿತ್ರರಾದ ರಖ್ಮಾನಿನೋವ್ ತಮ್ಮ ಕಚೇರಿಗಳನ್ನು ರೇಡಿಯೋದಲ್ಲಿ ಬಿತ್ತರಿಸಲು ಒಪ್ಪುತ್ತಿರಲಿಲ್ಲ. ಅವರು ಸ್ಟುಡಿಯೋದಲ್ಲಿ ನುಡಿಸಿದುದು ಬೇಕಾದಷ್ಟು ಉಂಟು. ಸಭೆಯ ಮುಂದೆ ಅವರು ಹೇಗಿದ್ದರೆಂಬುದು ಕೇಳಿದವರೊಡನೆಯೇ ಹೋಯಿತು. ಉಳಿದುಬಂದವುಗಳಲ್ಲಿ ಕೆಲವು ಮನಸ್ಸನ್ನು ಕಲಕುತ್ತವೆ. ದಿನು ಲಿಪಾಟಿ ಎಂಬ ರುಮೇನಿಯದ ತರುಣ 1950ನೆಯ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಜಾನ್ಸೋನ್ ಪಟ್ಟಣದಲ್ಲಿ ಶೊಪೇನನ ಹದಿನಾಲ್ಕು ವಾಲ್ಟ್ಸುಗಳನ್ನು ನುಡಿಸಲು ಕುಳಿತನು. ಪ್ರಾಣಾಂತಕವಾದ ವ್ಯಾಧಿ ಅವನನ್ನು ತಿಂದುಹಾಕಿತ್ತು. ಹದಿಮೂರನ್ನು ನುಡಿಸಿದನು, ಹದಿನಾಲ್ಕನೆಯದಕ್ಕೆ ಶಕ್ತಿ ಉಳಿಯಲಿಲ್ಲ. ಡಿಸೆಂಬರಿನಲ್ಲಿ ಮೂವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನೇ ಸ್ಟುಡಿಯೋದಲ್ಲಿ ಹದಿನಾಲ್ಕನ್ನೂ ನುಡಿಸಿದ ಮುದ್ರಿಕೆ ನನ್ನಲ್ಲಿದೆ. ನಾನು ಮತ್ತೆ ಮತ್ತೆ ಕೇಳುವುದು ಹದಿಮೂರು ಇರುವುದನ್ನು.

ಇನ್ನೊಂದು, ರಷ್ಯದ ಸ್ವ್ಯಾಟೊಸ್ಲಾವ್ ರಿಕ್ಟರ್ 1958ರ ಫೆಬ್ರವರಿಯಲ್ಲಿ ಬಲ್ಗೇರಿಯದ ಸೋಫಿಯಾ ನಗರದಲ್ಲಿ ನುಡಿಸಿದುದು. ಚಳಿಗಾಲ, ಸಭೆಗೆ ಸಭೆಯೇ ನೆಗಡಿ ಹಿಡಿದು ಕುಳಿತಿದೆಯೋ ಎಂಬಷ್ಟು ಕೆಮ್ಮು. ಮೊದಲು ನನಗೆ ಆ ಜನರ ಮೇಲೆ ಕೋಪವೇ ಬಂದಿತು. ಬರಬರುತ್ತ ಬೇರೊಂದು ಸಂಗತಿ ತಿಳಿಯಿತು. ಕೆಮ್ಮು ಹೆಚ್ಚಿದಾಗ ರಿಕ್ಟರ್ ಧ್ವನಿಯನ್ನು ಏರಿಸುವುದಿಲ್ಲ, ಇಳಿಸುತ್ತಾರೆ. ಎಲ್ಲಿಯವರೆಗೆ ಇಳಿಸುತ್ತಾರೆಂದರೆ ಕೆಮ್ಮುವವನು ನಾಚಿ ಬಾಯಿಗೆ ವಸ್ತ್ರವನ್ನು ಅಡ್ಡ ಹಿಡಿಯಬೇಕು. ಕೆಮ್ಮನ್ನು ತೆಗೆದುಬಿಟ್ಟರೆ ಆ ಮೃದುತ್ವಕ್ಕೆ ಕಾರಣವೇ ಹೋಗಿಬಿಡುತ್ತದೆ ಎಂದು ನನಗೆ ತೋರುತ್ತದೆ.

ಮೂರನೆಯದು ವ್ಲಾಡಿಮಿರ್ ಹೊರೋವಿಟ್ಸರದು. ರಮ್ಯಪಂಥದ ಕೊನೆಯ ದೊಡ್ಡ ವಾದಕರೆಂದು ಅನೇಕರು ಎಣಿಸುವ ಇವರು ಹನ್ನೆರಡು ವರ್ಷಗಳ ಕಾಲ ಸಭೆಯ ಮುಖವನ್ನೇ ನೋಡದೆ ಮನೆಯಲ್ಲಿ ಕುಳಿತಿದ್ದು, 1965ನೆಯ ಮೇ 9ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮತ್ತೆ ವೇದಿಕೆಯನ್ನು ಏರಿದರು. ಅರವತ್ತು ದಾಟಿದ ಮನುಷ್ಯ. ಆರಂಭದಲ್ಲಿಯೇ ಬೆರಳು ತಪ್ಪಿತು. ಆ ಕಚೇರಿಯ ಮುದ್ರಿಕೆಯನ್ನು ಹೊರತರುವಾಗ ಕೆಲವು ತಪ್ಪುಗಳನ್ನು ತಿದ್ದಿ ಒಪ್ಪಮಾಡಿದರು. ಮೂವತ್ತೆಂಟು ವರ್ಷಗಳಾದಮೇಲೆ, 2003ರಲ್ಲಿ, ತಿದ್ದದೆ ಇದ್ದುದು ಇದ್ದಂತೆಯೇ ಮತ್ತೊಮ್ಮೆ ಹೊರಬಂದಿತು. ರಸಿಕರು ಅದನ್ನು ಹರ್ಷದಿಂದ ಕೊಂಡರೆಂದು ಮಿತ್ರರು ಹೇಳಿ, ‘ನೋಡಿ ಮೇಷ್ಟ್ರೇ, ತಪ್ಪನ್ನು ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತು!’ ಎಂದು ನಕ್ಕರು.

ನಾನು ನಗಲಿಲ್ಲ. ಮಿತ್ರರು ಏಕೆಂದು ಕೇಳಿದರು, ಅಂದು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ತಾಯಿಯವರು ಹಾಡುತ್ತಿದ್ದರು. ಸಂಗೀತವನ್ನು ಕಲಿತವರಲ್ಲ, ದೇವರನಾಮಗಳು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಇಷ್ಟೇ. 1983ರಲ್ಲಿ ನಮ್ಮ ಭಾವನವರು ಒಂದು ಟೇಪ್ ರೆಕಾರ್ಡರನ್ನು ಕೊಂಡುತಂದು, ಅದನ್ನು ಪರೀಕ್ಷಿಸುವ ನೆಪದಿಂದ ಅವರನ್ನು ಹಾಡಿಸಿದರು. ನಡುಮನೆಯ ಹೊಸ್ತಿಲ ಬಳಿ ಮೊರದಲ್ಲಿ ಅಕ್ಕಿಯನ್ನು ಹಾಕಿಕೊಂಡು ಕಲ್ಲು ಆರಿಸುತ್ತ ಅವರು ಎಂಟೋ ಒಂಬತ್ತೋ ಹಾಡುಗಳನ್ನು ಹೇಳಿದರು. ಎಡಮನೆಯ ಮಗ್ಗ ನಡೆದೇ ಇತ್ತು. ನಡುವೆ ಯಾರೋ ಬಂದರು; ಹಾಡನ್ನು ನಿಲ್ಲಿಸಿ, ‘ಯಾರೇ ಅದು? ಬಾಗಿಲಲ್ಲೇ ನಿಂತ್ಯಲ್ಲ, ಬಾ ಒಳಕ್ಕೆ’ ಎಂದು ಕರೆದು, ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಎರಡು ಸಲ ಕೆಮ್ಮಿದರು. ಕೊನೆಯಲ್ಲಿ ನನ್ನ ಕಡೆಗೆ ತಿರುಗಿ, ‘ಸಾಕೇನೋ? ಅನ್ನಕ್ಕೆ ಇಡಬೇಕು’ ಎಂದರು. ಎಲ್ಲವೂ ಕ್ಯಾಸೆಟ್ಟಿನಲ್ಲಿ ಬಂದಿತ್ತು. 1991ರಲ್ಲಿ ತಾಯಿಯವರು ತೀರಿಕೊಂಡರು.

2006ರಲ್ಲಿ ಆ ಕ್ಯಾಸೆಟ್ಟು ಹಾಳಾದೀತೆಂಬ ಭಯದಿಂದ, ಹಾಡುಗಳನ್ನು ಸಿ.ಡಿ.ಗೆ ಇಳಿಸಲು ಬೆಂಗಳೂರಿನ ಒಂದು ಅಂಗಡಿಗೆ ಕೊಂಡೊಯ್ದೆ. ಅಂಗಡಿಯ ಹುಡುಗನು ವಿನಯವಂತ, ಕೆಲಸಗಾರ. ‘ಹಿಂದೆ ಏನೋ ಗಲಾಟೆ ಇದೆಯಲ್ಲ ಸಾರ್, ತೆಗೀಲಾ?’ ಎಂದು ಕೇಳಿದನು. ತೆಗೆಯಬೇಕೆಂದು ಹೇಳಿದವನು ನಾನು. ಮಗ್ಗವನ್ನು ತೆಗೆ ಎಂದೆ. ಕೆಮ್ಮನ್ನು ತೆಗೆ ಎಂದೆ. ನಡುವಣ ಮಾತುಗಳನ್ನು ತೆಗೆ, ಹಾಡು ಮಾತ್ರ ಇರಲಿ ಎಂದೆ. ತಾಯಿಯವರಿಗೆ ಗೌರವ ತೋರುತ್ತಿದ್ದೇನೆಂದೇ ಆಗ ನನ್ನ ಭಾವನೆ. ಅವನು ನಾಲ್ಕು ದಿನ ಶ್ರಮಪಟ್ಟು ಹೇಳಿದಂತೆಯೇ ಮಾಡಿಕೊಟ್ಟನು. ಹಳೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಇನ್ನು ಇದೇಕೆಂದು ನಾನೇ ಒಂದು ದಿನ ಹಳೆಯ ಕಾಗದಗಳೊಡನೆ ಗುಜರಿಯವನಿಗೆ ಹಾಕಿಬಿಟ್ಟೆ.

ಸಿ.ಡಿ.ಯನ್ನು ಮನೆಯಲ್ಲಿ ಹಾಕಿದಾಗ ಎಲ್ಲರೂ ಮೆಚ್ಚಿದರು. ನನಗೂ ಹಿತವಾಗಿಯೇ ಇತ್ತು. ಒಂದು ಮಾತ್ರ ಅರ್ಥವಾಗಲಿಲ್ಲ: ತಾಯಿಯವರ ತಾಳ ಅಲ್ಲಲ್ಲಿ ಓಡುತ್ತಿತ್ತು, ಅಲ್ಲಲ್ಲಿ ಕಾರಣವಿಲ್ಲದೆ ನಿಲ್ಲುತ್ತಿತ್ತು. ವಯಸ್ಸಾಗಿತ್ತು, ದಣಿದಿದ್ದರು ಎಂದುಕೊಂಡೆ. ಹೊಸಕೋಟೆಯಿಂದ ಅಕ್ಕ ಬಂದಾಗ ಅವಳಿಗೂ ಕೇಳಿಸಿ, ‘ಅಮ್ಮನಿಗೆ ಆಗ ಲಯ ತಪ್ಪುತ್ತಿತ್ತು, ನೋಡು’ ಎಂದೆ. ಅಕ್ಕ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, ‘ತಪ್ಪೋದೇನು? ಅಮ್ಮ ಮಗ್ಗದ ಜೊತೇಲಿ ಹಾಡ್ತಿದ್ಲು. ಎಳೆ ಕಡಿದು ಮಗ್ಗ ನಿಂತ್ರೆ ತಾನೂ ನಿಲ್ತಿದ್ಲು. ನಿಂಗೆ ಅಷ್ಟೂ ಜ್ಞಾಪಕ ಇಲ್ವೆ? ಮಗ್ಗ ಎಲ್ಲೋ ಇದರಲ್ಲಿ?’ ಎಂದು ಕೇಳಿದಳು.

ನಾನು ಉತ್ತರ ಹೇಳಲಿಲ್ಲ. ನಲವತ್ತು ವರ್ಷ ಆ ಗೋಡೆಯ ಪಕ್ಕದಲ್ಲಿ ಅನ್ನ ಬೇಯಿಸಿ ಹಾಡಿದ ಹೆಂಗಸಿಗೆ ಮಗ್ಗವೇ ಮೃದಂಗವಾಗಿತ್ತು. ನಾನು ಮೃದಂಗವನ್ನು ತೆಗೆಯಿಸಿ, ಹಾಡುಗಾರ್ತಿಗೆ ತಾಳಜ್ಞಾನವಿಲ್ಲವೆಂದು ತೀರ್ಪು ಕೊಟ್ಟಿದ್ದೆ. ಆ ಸಿ.ಡಿ.ಯಲ್ಲಿರುವ ತಾಯಿ ಯಾವ ಊರಿನಲ್ಲಿಯೂ ಇಲ್ಲ, ಯಾವ ಮನೆಯಲ್ಲಿಯೂ ಇಲ್ಲ. ಬಾಗಿಲಲ್ಲಿ ನಿಂತವರನ್ನು ಒಳಕ್ಕೆ ಕರೆಯುವುದಿಲ್ಲ. ಅನ್ನಕ್ಕೆ ಇಡಲು ಏಳುವುದಿಲ್ಲ. ಜಕಾರ್ಡಿನ ರಟ್ಟಿನಿಂದ ನೆಯ್ದಂತೆ, ಸ್ವರಗಳು ಮಾತ್ರ ಏಳುತ್ತವೆ, ಬೀಳುತ್ತವೆ. ಹೊರೋವಿಟ್ಸರ ತಪ್ಪುಗಳನ್ನು ತಿದ್ದಿದವರ ಪೆಟ್ಟಿಗೆಯಲ್ಲಿ ಮೂಲ ಉಳಿದಿತ್ತು. ಅವರು ಮೂವತ್ತೆಂಟು ವರ್ಷಗಳಾದಮೇಲೆ ಹಿಂತಿರುಗಬಹುದಾಗಿತ್ತು. ನನಗೆ ಆ ಅನುಕೂಲವಿಲ್ಲ.

ಕಳೆದ ದೀಪಾವಳಿಗೆ ಅಕ್ಕ ಮತ್ತೆ ಬಂದಿದ್ದಳು. ಅವಳಿಗೂ ಈಗ ತಾಯಿಯವರ ಅಂದಿನ ವಯಸ್ಸು ಮೀರಿದೆ, ಧ್ವನಿ ಒಡೆದಿದೆ, ಆದರೂ ಹಾಡುಗಳೆಲ್ಲ ಅವಳಿಗೆ ಬರುತ್ತವೆ. ಮೊಮ್ಮಗನು ತನ್ನ ಮೊಬೈಲು ಫೋನನ್ನು ಅವಳ ಮುಂದೆ ಇಟ್ಟು, ಕಿಟಕಿಯನ್ನು ಮುಚ್ಚಲು ಎದ್ದನು. ಬೇಡವೆಂದೆ. ಬಲಮನೆಯ ಎರಡು ಮಗ್ಗಗಳೂ ನಡೆಯುತ್ತಿದ್ದವು. ಅಕ್ಕ ಮೊದಲನೆಯ ಹಾಡನ್ನು ಎತ್ತಿಕೊಂಡು, ಎರಡನೆಯ ನುಡಿಯಲ್ಲಿ ಕೆಮ್ಮು ಬಂದು ನಿಲ್ಲಿಸಿದಳು. ‘ಅಯ್ಯೋ, ಕೆಟ್ಟುಹೋಯ್ತು. ಮೊದಲಿಂದ ಹೇಳ್ಲೇನೋ?’ ಎಂದು ನನ್ನನ್ನು ಕೇಳಿದಳು.

‘ಬೇಡ ಅಕ್ಕ, ನಿಂತಲ್ಲಿಂದ್ಲೇ ಹೇಳು’ ಎಂದೆ.